ಕುಬಸದ ಕಥೆಗಳು ಮತ್ತು ಹೆರಿಗೆ ಕೋಣೆ

(ಕಲಬುರಗಿಯಲ್ಲಿ ಗರ್ಭಿಣಿಯರು ಮತ್ತು ಅವರ ಮನೆಯವರ ಮುಂದೆ ನಿವೃತ್ತ ನರ್ಸ್ ಒಬ್ಬರು ಆಡಿದ ಮಾತಿನ ಬರಹ ರೂಪ)

ಹೆರಿಗೆ ನೋವಿಗೆ ಸಜ್ಜಾಗುವ ಈ ತರಗತಿಯ ಕರಪತ್ರದಲ್ಲಿ "ಸ್ವ-ಸಮ್ಮೋಹನ" ಅಂತ ಅಚ್ಚು ಹಾಕಿಸಿದ್ದೇ ತಪ್ಪಾಯಿತು ನೋಡಿ. ನಿನ್ನೆಯಿಂದ ಮೂರು ಫೋನ್ ಬಂದಿವೆ. ಒಬ್ಬರು ನೇರವಾಗಿ ಕೇಳಿದರು, "ಮೇಡಂ, ಇದು ವಶೀಕರಣ ಏನ್ರಿ? ನಮ್ ಸೊಸಿನ್ನ ಕಳಸ್ಲೋ ಬ್ಯಾಡೋ?" ಅವರದೇನೂ ತಪ್ಪಿಲ್ಲ. ಬಸ್ ನಿಲ್ದಾಣದ ಗೋಡೆ ಮೇಲೆ, ಕರೆಂಟ್ ಕಂಬದ ಮೇಲೆ ನಾವು ನೋಡುವುದು ಅದೇ ಚೀಟಿ. ಸ್ತ್ರೀ-ಪುರುಷ ವಶೀಕರಣ, ಗಂಡ-ಹೆಂಡತಿ ಜಗಳ, ಒಂದೇ ದಿನದಲ್ಲಿ ಪರಿಹಾರ. ಆ ಅತ್ತೆ ಇವತ್ತು ಸೊಸೆಯ ಜೊತೆ ತಾವೂ ಬಂದು ಮೊದಲನೇ ಸಾಲಲ್ಲೇ ಕೂತಿದ್ದಾರೆ, ಕಾವಲಿಗೆ. ಬಹಳ ಒಳ್ಳೆಯದಾಯಿತು. ನನಗೆ ಸೊಸೆಗಿಂತ ಅತ್ತೆಯೇ ಜಾಸ್ತಿ ಬೇಕಾಗಿದ್ದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಈ ಭಯ ತೆಗೆಯೋಣ. ನೀವು ಕಲಬುರಗಿಯಿಂದ ಬೀದರಿಗೆ ಬಸ್ಸಿನಲ್ಲಿ ಹೋಗಿದ್ದೀರಲ್ವಾ? ಕಿಟಕಿ ಪಕ್ಕ ಕೂತು ತೊಗರಿ ಹೊಲ ನೋಡುತ್ತಾ ಏನೋ ಯೋಚನೆಯಲ್ಲಿ ಇರುತ್ತೀರಿ, ಕಮಲಾಪುರ ಯಾವಾಗ ಹೋಯಿತೋ ಗೊತ್ತಿಲ್ಲ, ಕಂಡಕ್ಟರ್ "ಹುಮ್ನಾಬಾದ್, ಹುಮ್ನಾಬಾದ್" ಅಂತ ಕೂಗಿದಾಗಲೇ ಎಚ್ಚರ. ನಿದ್ದೆ ಬಂದಿರಲಿಲ್ಲ. ಕಣ್ಣು ತೆರೆದೇ ಇತ್ತು. ಯಾರಾದರೂ ನಿಮ್ಮ ಪರ್ಸಿಗೆ ಕೈ ಹಾಕಿದ್ದರೆ ತಟ್ಟನೆ ಗೊತ್ತಾಗುತ್ತಿತ್ತು. ಆದರೆ ಸೀಟು ಚುಚ್ಚುತ್ತಿದ್ದದ್ದು, ಬಿಸಿಲು, ಸೊಂಟದ ನೋವು, ಇವೆಲ್ಲ ದೂರ ಹೋಗಿದ್ದವು. ನಾನು ಹೇಳುವ ಸಮ್ಮೋಹನ ಇಷ್ಟೇ. ಆ ಸ್ಥಿತಿ ಬಸ್ಸಿನಲ್ಲಿ ತಾನಾಗಿ ಬರುತ್ತದೆ, ನಾವು ಅದನ್ನು ಬೇಕೆಂದಾಗ ತಂದುಕೊಳ್ಳುವುದನ್ನು ಕಲಿಯುತ್ತೇವೆ. ಮಾಡುವವರೂ ನೀವೇ, ಮಾಡಿಸಿಕೊಳ್ಳುವವರೂ ನೀವೇ. ಬೇಡ ಅನಿಸಿದರೆ ಕಣ್ಣು ಬಿಟ್ಟರೆ ಮುಗಿಯಿತು.

ಸಮ್ಮೋಹನಕ್ಕೆ ಇಂಗ್ಲಿಷಿನಲ್ಲಿರುವ ಹಿಪ್ನಾಸಿಸ್ ಅನ್ನುವ ಹೆಸರೇ ಗೊಂದಲಕ್ಕೆ ಕಾರಣ. 1840ರ ದಶಕದಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದ ಜೇಮ್ಸ್ ಬ್ರೇಡ್ ಎಂಬ ಸರ್ಜನ್ ಗ್ರೀಕರ ನಿದ್ದೆಯ ದೇವರು ಹಿಪ್ನೋಸ್ ಹೆಸರಿನಿಂದ ಈ ಪದ ಚಾಲ್ತಿಗೆ ತಂದರು. ಹೊಳೆಯುವ ಒಂದು ವಸ್ತುವಿನ ಮೇಲೆ ಕಣ್ಣು ನೆಡಿಸುವುದು ಅವರ ವಿಧಾನ. ಆಮೇಲೆ ಅವರಿಗೇ ಇದು ನಿದ್ದೆಯಲ್ಲ, ಒಂದೇ ವಿಷಯಕ್ಕೆ ಮನಸ್ಸು ಹಚ್ಚುವುದು ಅಂತ ಅನಿಸಿ ಹೆಸರು ಬದಲಿಸಲು ನೋಡಿದರು. ಅಷ್ಟರಲ್ಲಿ ಹಳೇ ಹೆಸರು ಅಂಟಿಕೊಂಡಿತ್ತು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮಿಟುಕಿಸದೆ ಕೂರುವ ಅಜ್ಜಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಪೂಜೆ ಬೇರೆ, ಇದು ಬೇರೆ, ನಾನು ಎರಡನ್ನೂ ಕಲಸುತ್ತಿಲ್ಲ. ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು ನಮ್ಮವರಿಗೆ ಹೊಸದಲ್ಲ, ಅಷ್ಟು ಹೇಳಬೇಕಿತ್ತು.

ಇನ್ನೊಂದು ಕಥೆ, ಸ್ವಲ್ಪ ದಾರಿ ತಪ್ಪುತ್ತೇನೆ, ಪರವಾಗಿಲ್ಲ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಶುರು ಮಾಡಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು, ಅರಿವಳಿಕೆ ಔಷಧಿ ಇನ್ನೂ ಇಲ್ಲದ ಕಾಲದಲ್ಲಿ, ರೋಗಿಗಳನ್ನು ಈ ರೀತಿಯ ಸ್ಥಿತಿಗೆ ತಂದು ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದರು. ಒಂದೆರಡಲ್ಲ, ನೂರಾರು. ಮುಂದೆ ಎರಡೇ ವರ್ಷಕ್ಕೆ, 1847ರಲ್ಲಿ, ಎಡಿನ್‌ಬರೋದಲ್ಲಿ ಸಿಂಪ್ಸನ್ ಅವರು ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದರು, ಜನ ಈ ಹಳೇ ದಾರಿ ಮರೆತರು. ಮರೆತದ್ದು ಸರಿಯೇ. ಹೊಟ್ಟೆ ಕೊಯ್ಯುವಾಗ ನನಗಂತೂ ಇಂಜೆಕ್ಷನ್ನೇ ಬೇಕು. ಆದರೆ ಹೆರಿಗೆ ಆಪರೇಷನ್ ಅಲ್ಲ. ಅದು ಗಂಟೆಗಟ್ಟಲೆ ನಡೆಯುವ ಕೆಲಸ, ಮಾಡುವವಳು ಎಚ್ಚರ ಇರಬೇಕಾದ ಕೆಲಸ.

ಈಗ ಭಯದ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಹೆರಿಗೆ ಡಾಕ್ಟರ್ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಒಂದು ಸರಪಳಿ ಹೇಳಿದರು. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಜಾಸ್ತಿ, ನೋವು ಜಾಸ್ತಿಯಾದಷ್ಟೂ ಮತ್ತೆ ಹೆದರಿಕೆ. ಅವರು ಇದನ್ನು ಸ್ವಲ್ಪ ಅತಿಗೇ ಒಯ್ದರು, ಭಯ ಇಲ್ಲದಿದ್ದರೆ ನೋವೇ ಇರುವುದಿಲ್ಲ ಅನ್ನುವ ಹಾಗೆ. ಅದನ್ನು ನಾನು ಒಪ್ಪುವುದಿಲ್ಲ. ಎದೆಗಟ್ಟಿ ಹೆಂಗಸರು ನೋವಿಗೆ ಮಂಚದ ಸರಳು ಹಿಡಿದು ಬಾಗಿದ್ದನ್ನು ನೋಡಿದ್ದೇನೆ. ಆದರೆ ಸರಪಳಿ ಇರುವುದು ನಿಜ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ನಾಯಿ ಅಟ್ಟಿಸಿಕೊಂಡು ಬಂದಾಗ ಏರುತ್ತದಲ್ಲ, ಅದೇ. ಗರ್ಭಕೋಶವನ್ನು ಹಿಂಡಿಸುವುದು ಆಕ್ಸಿಟೋಸಿನ್. ಅದಕ್ಕೆ ನೆಮ್ಮದಿ ಬೇಕು. ಅಡ್ರಿನಲಿನ್ ಜೋರಾದರೆ ಬ್ಯಾನಿ, ಅಂದರೆ ಹೆರಿಗೆ ನೋವು, ಕುಂಟುತ್ತದೆ. ಹಳ್ಳಿಯಿಂದ ಬಂದವರಿಗೆ ಇದನ್ನು ವಿಜ್ಞಾನದಲ್ಲಿ ಹೇಳಬೇಕಾಗಿಯೇ ಇಲ್ಲ. ಆಕಳು ಈಯುವಾಗ "ಮಂದಿ ಸೇರಬ್ಯಾಡ್ರಿ, ದೂರ ಸರೀರಿ" ಅಂತ ಮನೆಯ ಹಿರಿಯರು ಓಡಿಸುತ್ತಾರಲ್ವಾ? ಆಕಳಿಗೆ ಕೊಡುವ ಆ ಮರ್ಯಾದೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಕೊಡುತ್ತೇವಾ?

ಇಲ್ಲಿ ಅತ್ತೆಯವರು ಬೇಕು ಅಂದದ್ದು. ಸಮ್ಮೋಹನ ಬೇಡ ಬೇಡ ಅನ್ನುತ್ತೀರಿ. ಆದರೆ ಬಸುರಿಗೆ ನಾವು ಅದನ್ನು ಮೂರನೇ ತಿಂಗಳಿಂದಲೇ ಶುರು ಮಾಡಿರುತ್ತೇವೆ, ಉಲ್ಟಾ ದಿಕ್ಕಿನಲ್ಲಿ. ಕುಬಸದ, ಅಂದರೆ ಸೀಮಂತದ, ದಿನ ನೆನಪು ಮಾಡಿಕೊಳ್ಳಿ. ಹಸಿರು ಬಳೆ, ಹಸಿರು ಸೀರೆ, ಉಡಿ ತುಂಬಿ ಆರತಿ ಮಾಡಿ ಎಲ್ಲ ಮುಗಿಸಿ, ಹೋಳಿಗೆ ಉಂಡು ಹೆಂಗಸರು ಸುತ್ತ ಕೂತರು ಅಂದರೆ ಶುರು. "ನಮ್ ಅಕ್ಕನ ಮಗಳಿಗಿ ಎರಡ್ ದಿನ ಬ್ಯಾನಿ ತಿಂದ್ರೂ ಆಗ್ಲಿಲ್ಲ." "ನಂದಂತೂ ಕೇಳ್ಬ್ಯಾಡ, ಸತ್ತು ಬದುಕೀನಿ." "ಹೆರಿಗಿ ಅಂದ್ರ ಹೆಣ್ಣಿಗಿ ಮರುಜನ್ಮ." ಯಾರೂ ಕೆಟ್ಟದ್ದು ಬಯಸಿ ಹೇಳುವುದಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮರುಜನ್ಮ ಅಂದರೆ ಮೊದಲು ಸಾಯಬೇಕು ಅಂತ ಅರ್ಥ ಆಯ್ತಲ್ಲ! ಇಪ್ಪತ್ತೆರಡು ವರ್ಷದ ಹುಡುಗಿ ಅದನ್ನು ನಗುತ್ತಾ ಕೇಳುತ್ತಾಳೆ, ರಾತ್ರಿ ಫ್ಯಾನ್ ನೋಡುತ್ತಾ ಮಲಗುತ್ತಾಳೆ. ಮತ್ತೆ ಮತ್ತೆ ಕೇಳಿಸಿದ್ದು ಒಳಗೆ ಇಳಿಯುತ್ತದೆ. ಸಮ್ಮೋಹನದಲ್ಲಿ ಸೂಚನೆ ಕೊಡುವುದು ಅಂದರೂ ಇದೇನೇ. ನಾನು ಮಾಡುವುದು ಇಷ್ಟು: ಆ ಸೂಚನೆಯ ಜಾಗದಲ್ಲಿ ಬೇರೆ ಸೂಚನೆ ಇಡುವುದು.

ಬೇರೆಯವರನ್ನು ದೂರುವ ಮೊದಲು ನನ್ನದನ್ನೂ ಹೇಳಬೇಕು. ನಾನು ಹೆರಿಗೆ ಕೋಣೆಯಲ್ಲಿ ಬೈದಿದ್ದೇನೆ. ಒಂದೇ ರಾತ್ರಿ ಏಳೆಂಟು ಹೆರಿಗೆ, ಇಬ್ಬರೇ ನರ್ಸು, ಕರೆಂಟ್ ಬೇರೆ ಹೋಗಿ ಬರುತ್ತಿತ್ತು, ಮೇ ತಿಂಗಳ ಕಲಬುರಗಿ ಗೊತ್ತಲ್ಲ, ರಾತ್ರಿ ಹನ್ನೆರಡಕ್ಕೂ ಗೋಡೆ ಮುಟ್ಟಿದರೆ ಸುಡುತ್ತದೆ. ಒಬ್ಬ ಹುಡುಗಿ ಚೀರುತ್ತಿದ್ದಳು. "ಒದರಬ್ಯಾಡ, ಬಾಯಿ ಮುಚ್ಚು" ಅಂದೆ. ಅವಳು ಮುಚ್ಚಿದಳು. ಹಲ್ಲು ಕಚ್ಚಿಕೊಂಡು, ಮುಷ್ಟಿ ಬಿಗಿದು, ಉಸಿರು ಹಿಡಿದು ಮಲಗಿದಳು. ಸದ್ದು ನಿಂತಿದ್ದಕ್ಕೆ ನನಗೆ ಸಮಾಧಾನವಾಯಿತು. ಆದರೆ ಕೆಲಸ ಅಲ್ಲಿಗೇ ನಿಂತಿತು. ಒಂದು ಗಂಟೆ ಬಿಟ್ಟು ಒಬ್ಬ ಹಳೇ ಆಯಾ ಬಂದು ಅವಳ ದವಡೆಯ ಮೇಲೆ ಬೆರಳಾಡಿಸಿ "ಸಡಿಲ ಬಿಡು ಮಗಾ, ಆಂ ಅನ್ನು, ಹಾಡಿನ ಹಂಗ ಉದ್ದ ಅನ್ನು" ಅಂದರು. ಹುಡುಗಿ ಆಂ ಅಂದಳು, ಆಮೇಲೆ ಅತ್ತಳು, ಆಮೇಲೆ ಮೈ ಬಿಟ್ಟಳು. ಬೆಳಗಿನ ಜಾವ ಹೆರಿಗೆಯಾಯಿತು. ಆ ಆಯಾ ಯಾವ ಕೋರ್ಸೂ ಮಾಡಿರಲಿಲ್ಲ. ನಾನು ಮಾಡಿದ್ದೆ.

ಸರಿ, ಅಭ್ಯಾಸಕ್ಕೆ ಬರೋಣ. ಏಳನೇ ತಿಂಗಳು ಶುರುವಾದಾಗ ಹಿಡಿಯಿರಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಹೆರಿಗೆಯ ದಿನ ಕಲಿಯುತ್ತೇನೆ ಅಂದರೆ, ಬಾವಿಗೆ ಬಿದ್ದ ಮೇಲೆ ಈಜು ಕಲಿತ ಹಾಗೆ. ಅಂಗಾತ ಮಲಗಬೇಡಿ, ದಿನ ತುಂಬುತ್ತಾ ಬಂದಂತೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಎಡ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬು ಇಟ್ಟುಕೊಂಡು. ಇಲ್ಲವೆ ಗೋಡೆಗೆ ಒರಗಿ ಕೂತರೂ ನಡೆಯುತ್ತದೆ.

ಮೊದಲು ಉಸಿರು. ಮೂಗಿನಿಂದ ಒಳಗೆ, ಮನಸ್ಸಿನಲ್ಲೇ ನಾಲ್ಕು ಎಣಿಸಿ. ಬಾಯಿಂದ ಹೊರಗೆ, ಬಿಸಿ ಚಹಾ ಆರಿಸುವ ಹಾಗೆ, ಆರೋ ಎಂಟೋ ಎಣಿಸಿ. ಹೊರಗೆ ಹೋಗುವ ಉಸಿರು ಉದ್ದ ಇರಬೇಕು, ಅಷ್ಟೇ ಗುಟ್ಟು. ಸಿನಿಮಾದಲ್ಲಿ ತೋರಿಸುವ ಹಾಗೆ ಹುಸ್ ಹುಸ್ ಅಂತ ಜೋರಾಗಿ ಬಿಟ್ಟರೆ ಬೆರಳು ಜೋಮು ಹಿಡಿದು ತಲೆ ತಿರುಗುತ್ತದೆ, ಅದು ಬೇಡ. ಆಮೇಲೆ ಮೈ ಸಡಿಲ ಮಾಡುವುದು. ಹಣೆ, ಹುಬ್ಬು, ದವಡೆ, ಭುಜ, ಅಂಗೈ, ಹೊಟ್ಟೆ, ತೊಡೆ, ಪಾದ. ಪ್ರತಿ ಕಡೆ ಸ್ವಲ್ಪ ಬಿಗಿ ಹಿಡಿದು ಬಿಡಿ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ಡಾಕ್ಟರು ಸುಮಾರು ನೂರು ವರ್ಷದ ಹಿಂದೆ ಇದನ್ನು ಪದ್ಧತಿ ಮಾಡಿದರು. ಬಿಗಿ ಏನು ಅಂತ ಗೊತ್ತಾಗದೆ ಸಡಿಲ ಏನು ಅಂತ ಗೊತ್ತಾಗುವುದಿಲ್ಲ ಅನ್ನುವುದು ಅವರ ಲೆಕ್ಕ. ಪಾದವನ್ನು ಮಾತ್ರ ಬಿಗಿ ಹಿಡಿಯಬೇಡಿ, ಬಸುರಿಯರಿಗೆ ಮೀನಖಂಡ ಹಿಡಿದುಕೊಳ್ಳುವುದು ಜಾಸ್ತಿ.

ಮೈ ಸಡಿಲಾದ ಮೇಲೆ ಹತ್ತರಿಂದ ಒಂದರವರೆಗೆ ಕೆಳಗೆ ಎಣಿಸಿ, ಒಂದೊಂದು ಎಣಿಕೆಗೂ ಒಂದೊಂದು ಮೆಟ್ಟಿಲು ಇಳಿದ ಹಾಗೆ. ಇಳಿದು ಎಲ್ಲಿಗೆ ಹೋಗುತ್ತೀರಿ? ನಿಮಗೆ ಹಿತ ಅನಿಸುವ ಜಾಗಕ್ಕೆ. ಹೊರಗಿನ ರೆಕಾರ್ಡಿಂಗುಗಳಲ್ಲಿ ಸಮುದ್ರ ತೀರ ಕಲ್ಪಿಸಿಕೊಳ್ಳಿ, ಅಲೆ ನೋಡಿ ಅಂತ ಇರುತ್ತದೆ. ನಮ್ಮಲ್ಲಿ ಎಷ್ಟು ಜನ ಸಮುದ್ರ ನೋಡಿದ್ದೀರಿ? ನೋಡಿ, ಮೂರೇ ಕೈ ಎದ್ದವು. ನಿಮ್ಮದೇ ಜಾಗ ಹುಡುಕಿ. ಒಬ್ಬಳು ಚಿಂಚೋಳಿ ಕಡೆಯವಳು, ಅವಳಿಗೆ ಚಂದ್ರಂಪಳ್ಳಿ ಕೆರೆಯ ದಂಡೆ. ಯಾದಗಿರಿಯ ಇನ್ನೊಬ್ಬಳಿಗೆ ಜಾಗವೇ ಬೇಡ, ಸದ್ದು ಬೇಕಿತ್ತು. ಅವಳವ್ವ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದು. ಅವಳು ಇನ್ನೂ ಕೌದಿ ಒಳಗೆ, ಅಡುಗೆ ಮನೆಯಿಂದ ಟಪ್ ಟಪ್ ಟಪ್, ಒಲೆಯ ವಾಸನೆ. ಅವಳ ತಮ್ಮ ಅದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟ. ಹೆರಿಗೆ ಕೋಣೆಯಲ್ಲಿ ದಿಂಬಿನ ಪಕ್ಕ ಫೋನ್ ಇಟ್ಟು ಅದನ್ನೇ ಕೇಳಿದಳು. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಹಸಿವಾಯಿತಂತೆ. ಮತ್ತೊಬ್ಬಳು ಬಂದೇನವಾಜ್ ದರ್ಗಾದ ಹತ್ತಿರದ ಓಣಿಯವಳು, ಅವಳು ತಸ್ಬೀಹ್ ಮಣಿ ಹಿಡಿದುಕೊಂಡಿದ್ದಳು, ಒಂದು ಉಸಿರಿಗೆ ಒಂದು ಮಣಿ. ಯಾವುದಾದರೂ ಸರಿ, ನಿಮ್ಮದಾಗಿರಬೇಕು.

ಆ ಜಾಗಕ್ಕೆ ಹೋದ ಮೇಲೆ ನಿಮಗೆ ನೀವೇ ಎರಡು ಮಾತು ಹೇಳಿಕೊಳ್ಳಿ. ಪುಸ್ತಕದ ಭಾಷೆ ಬೇಡ, ಮನೆ ಮಾತಿನಲ್ಲಿ. "ಹೆದರಬಾರದು" ಅಂದುಕೊಳ್ಳಬೇಡಿ, ಅದರಲ್ಲಿ ಹೆದರಿಕೆಯ ಹೆಸರೇ ಮೊದಲು ಬರುತ್ತದೆ. "ನನ್ ಮೈಗಿ ತನ್ ಕೆಲ್ಸ ಗೊತ್ತದ." "ಒಂದ್ ಬ್ಯಾನಿ ಹೋಯ್ತಂದ್ರ ಕೂಸು ಒಂದ್ ಹೆಜ್ಜಿ ಹತ್ರ." ಹೀಗೆ. ಅದೇ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಒತ್ತಿ ಹಿಡಿಯಿರಿ, ದಿನಾ ಅದೇ ಬೆರಳು. ಎರಡು ತಿಂಗಳು ಕಳೆದ ಮೇಲೆ ಬೆರಳು ಒತ್ತಿದರೆ ಸಾಕು, ಮೈಗೆ ಸಡಿಲಾಗುವುದು ನೆನಪಾಗುತ್ತದೆ. ಕೊನೆಗೆ ಒಂದರಿಂದ ಐದು ಎಣಿಸಿ ಕಣ್ಣು ಬಿಡಿ, ಒಂದು ನಿಮಿಷ ಕೂತು ಆಮೇಲೆ ಏಳಿ. ಸ್ಕೂಟಿ ಓಡಿಸುವಾಗ, ಒಲೆ ಮುಂದೆ ಇದ್ದಾಗ ಮಾಡಬೇಡಿ.

ಗಂಡಂದಿರು ಹಿಂದೆ ಬಾಗಿಲ ಹತ್ತಿರ ನಿಂತಿದ್ದೀರಿ, ಚಹಾಕ್ಕೆ ಹೋಗುವ ಹಾಗೆ. ಇರಿ. ಈ ಮಾತುಗಳನ್ನು ನೀವು ನಿಧಾನವಾಗಿ ಓದಿ ರೆಕಾರ್ಡ್ ಮಾಡಿ ಹೆಂಡತಿಗೆ ಕೊಡಬಹುದು. ನಿಧಾನವಾಗಿ ಅಂದೆ. ಒಬ್ಬರು ಮಾಡಿದ್ದು ಕೇಳಿದೆ. "ನಿಮ್ಮ ಭುಜಗಳನ್ನು ಸಡಿಲಗೊಳಿಸಿ" ಅಂತ ಕೇಂದ್ರ ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ನಂಬರ್ ಕೂಗುವ ಧಾಟಿಯಲ್ಲಿ ಓದಿದ್ದರು. ಅವರ ಹೆಂಡತಿ ಅದನ್ನು ಕೇಳಿದಾಗಲೆಲ್ಲ ನಗುತ್ತಿದ್ದಳು. ನಕ್ಕರೂ ಮೈ ಸಡಿಲಾಗುತ್ತದೆ ಅನ್ನಿ.

ಹೆರಿಗೆ ನೋವಿನ ಲೆಕ್ಕ ಒಂದನ್ನು ಎಲ್ಲರೂ ಬರೆದುಕೊಳ್ಳಿ. ಹನ್ನೆರಡು ಗಂಟೆ ನೋವು ತಿಂದಳು ಅನ್ನುತ್ತೇವೆ. ಆದರೆ ಬ್ಯಾನಿ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಜೋರಾದಾಗ ಮೂರು ನಿಮಿಷಕ್ಕೊಂದು ಬರುತ್ತದೆ, ಒಂದು ನಿಮಿಷ ಇರುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಒಂದು ಗಂಟೆಯಲ್ಲಿ ನೋವು ಇಪ್ಪತ್ತು ನಿಮಿಷ, ಬಿಡುವು ನಲವತ್ತು. ಹೆದರಿದವಳು ಆ ನಲವತ್ತನ್ನೂ ಮುಂದಿನ ಬ್ಯಾನಿಗೆ ಕಾಯುತ್ತಾ ಕಳೆಯುತ್ತಾಳೆ, ಮೈ ಬಿಡುವುದೇ ಇಲ್ಲ, ಕೂಸು ಬರುವ ಹೊತ್ತಿಗೆ ಕಸುವೇ ಉಳಿದಿರುವುದಿಲ್ಲ. ಅಭ್ಯಾಸ ಮಾಡಿದವಳು ಆ ಬಿಡುವಿನಲ್ಲಿ ರೊಟ್ಟಿ ಸದ್ದಿಗೆ ಹೋಗಿ ಬರುತ್ತಾಳೆ. ನನ್ನ ಅನುಭವದಲ್ಲಿ ಇದರ ದೊಡ್ಡ ಲಾಭ ಇದೊಂದೇ. ನೋವು ಮಾಯ ಆಗುವುದಿಲ್ಲ. ಬಿಡುವು ನಿಮಗೆ ಸಿಗುತ್ತದೆ.

ಮಾಯ ಆಗುತ್ತದೆ ಅಂತ ದುಡ್ಡು ಕೇಳುವವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇದರ ಮೇಲೆ ಸರಿಯಾದ ಅಧ್ಯಯನಗಳು ನಡೆದಿವೆ. ಡೆನ್ಮಾರ್ಕಿನಲ್ಲಿ 1,222 ಹೆಂಗಸರ ಮೇಲೆ ಒಂದು, 2012ರಲ್ಲಿ ಬಂತು. ಬ್ರಿಟನ್ನಿನಲ್ಲಿ ಚೊಚ್ಚಲ ಬಸುರಿಯರು 680 ಜನ, 2015ರಲ್ಲಿ ಬಂತು. ಸ್ವ-ಸಮ್ಮೋಹನ ಕಲಿತವರೂ ಕಲಿಯದವರೂ ನೋವು ಕಡಿಮೆ ಮಾಡಲು ಬೆನ್ನಿಗೆ ಹಾಕುವ ಎಪಿಡ್ಯೂರಲ್ ಇಂಜೆಕ್ಷನ್ ತೆಗೆದುಕೊಂಡಿದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣ. ಬ್ರಿಟನ್ನಿನಲ್ಲಿ ಅದು ಕಲಿತವರಲ್ಲಿ ಶೇಕಡಾ 27.9, ಕಲಿಯದವರಲ್ಲಿ 30.3. ಆದರೆ ಅಲ್ಲೇ ಇನ್ನೊಂದು ವಿಷಯ ಕಂಡಿತು. ಹೆರಿಗೆಯಾದ ಎರಡು ವಾರಕ್ಕೆ ಕೇಳಿದಾಗ, ಕಲಿತವರು ತಾವು ಅಂದುಕೊಂಡಿದ್ದಕ್ಕಿಂತ ಭಯ, ಆತಂಕ ಕಡಿಮೆ ಇತ್ತು ಅಂದರು. 2016ರಲ್ಲಿ ಒಂಬತ್ತು ಅಧ್ಯಯನ ಒಟ್ಟು ಹಾಕಿ ನೋಡಿದ ಕಾಕ್ರೇನ್ ವರದಿಯೂ ಹೀಗೇ ತೂಗಿ ಹೇಳುತ್ತದೆ, ನೋವಿನ ಔಷಧಿಯ ಬಳಕೆ ಒಟ್ಟಾರೆ ಸ್ವಲ್ಪ ಕಡಿಮೆಯಾಗಬಹುದು, ಎಪಿಡ್ಯೂರಲ್ ಅಲ್ಲ. ಇಷ್ಟಕ್ಕೇ ಯಾಕೆ ಮಾಡಬೇಕು ಅಂತ ಒಬ್ಬರು ಡಾಕ್ಟರ್ ನನ್ನನ್ನು ಕೇಳಿದ್ದರು. ಆ ದೇಶಗಳಲ್ಲಿ ಕೇಳಿದರೆ ಎಪಿಡ್ಯೂರಲ್ ಸಿಗುತ್ತದೆ ಸಾರ್, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಇವಳ ಹತ್ತಿರ ಇರುವುದು ಇವಳ ಉಸಿರು ಒಂದೇ, ಅಂದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2018ರ ಹೆರಿಗೆ ಸಲಹೆಗಳಲ್ಲಿ ಮೈ ಸಡಿಲಿಸುವುದು, ಉಸಿರಾಟ, ಸಂಗೀತ ಇವನ್ನು ನೋವಿಗೆ ಬಳಸಬಹುದು ಅಂತ ಹೇಳಿದೆ. ಹಾಗಂತ ಔಷಧಿ ಕೇಳಿದರೆ ಸೋತ ಹಾಗಲ್ಲ. ನಮ್ಮ ಗುಂಪಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದ್ದ ಒಬ್ಬಳಿಗೆ ಕೂಸಿನ ಎದೆಬಡಿತ ಇಳಿದು ತುರ್ತು ಸಿಸೇರಿಯನ್ ಆಯಿತು. ಬಂದು ಅತ್ತಳು, "ನಾ ಸರಿ ಮಾಡ್ಲಿಲ್ಲೇನೋ" ಅಂತ. ಅವತ್ತು ನನ್ನ ಮೇಲೆ ನನಗೇ ಸಿಟ್ಟು ಬಂತು, ಹಾಗೆ ಅನಿಸುವಂತೆ ನಾನೇ ಎಲ್ಲೋ ಮಾತಾಡಿರಬೇಕು ಅಂತ. ಆಪರೇಷನ್ ಟೇಬಲ್ ಮೇಲೂ ಉಸಿರು ಕೆಲಸಕ್ಕೆ ಬರುತ್ತದೆ ಅಂತ ಈಗ ಮೊದಲ ದಿನವೇ ಹೇಳುತ್ತೇನೆ.

ಇನ್ನು ಇದನ್ನು ಗಟ್ಟಿಯಾಗಿ ಕೇಳಿಸಿಕೊಳ್ಳಿ. ರಕ್ತ ಹೋದರೆ, ಒಡೆದ ನೀರು ಹಸಿರಾಗಿದ್ದರೆ, ಕೂಸಿನ ಓಡಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಜ್ವರ ಬಂದರೆ, ಕಣ್ಣು ಮುಚ್ಚಿ ಉಸಿರು ಎಣಿಸುತ್ತಾ ಕೂರುವ ಹೊತ್ತಲ್ಲ ಅದು. 108ಕ್ಕೆ ಫೋನ್ ಮಾಡಿ. ಬಿಪಿ 140/90 ದಾಟಿದವರಿಗೆ ನನ್ನ ಈ ಅಭ್ಯಾಸ ಮದ್ದಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ಇರುತ್ತದೆ, ಅದನ್ನು ಬಿಟ್ಟು ಇಲ್ಲಿಗೆ ಬಂದರೆ ನಾನೇ ವಾಪಸ್ ಕಳಿಸುತ್ತೇನೆ.

ಜೊತೆಗಾರ್ತಿಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಹೊತ್ತಿಗೆ ಮನೆಯ ಒಬ್ಬ ಹೆಂಗಸು ಜೊತೆಗೆ ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ತಾನೂ ಹೆರಿಗೆ ಕಂಡವಳಾದರೆ ಒಳ್ಳೆಯದು, ಅಂಟುರೋಗ ಇರಬಾರದು, ಬಟ್ಟೆ ಶುಚಿ ಇರಬೇಕು, ಡಾಕ್ಟರ ಕೆಲಸದ ನಡುವೆ ಬರಬಾರದು. ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಎಲ್ಲ ಕಡೆ ತಾವಾಗಿ ಬಿಡುತ್ತಾರೆ ಅಂತಲ್ಲ, ಕೇಳಬೇಕು, ಎಂಟನೇ ತಿಂಗಳಲ್ಲೇ ಕೇಳಿಡಿ. ನನ್ನ ಚೊಚ್ಚಲ ಹೆರಿಗೆಯಲ್ಲಿ ನನ್ನವ್ವ ಬಾಗಿಲ ಹೊರಗೆ ಹದಿನಾಲ್ಕು ಗಂಟೆ ನಿಂತಿದ್ದಳು. ನಾನು ಒಳಗೆ, ಗೋಡೆ ಗಡಿಯಾರ ನೋಡುತ್ತಾ. ಸ್ವತಃ ನರ್ಸು ನಾನು. ಆ ಬಾಗಿಲು ಯಾಕೆ ಮುಚ್ಚಿದ್ದರೋ ಇವತ್ತಿಗೂ ಯಾರೂ ನನಗೆ ಹೇಳಿಲ್ಲ.

ಮುಂದಿನ ಸಾಲಿನ ಅತ್ತೆಯವರು ಕೈ ಎತ್ತಿದ್ದಾರೆ, ಕೇಳಿ. "ಹಂಗಾದ್ರ ಒಳಗ್ ಹೋಗಿ ನಾ ಏನ್ ಹೇಳ್ಲಿ ಆಕಿಗಿ?"

ಏನೂ ಹೇಳಬೇಡಿ, ಅದೇ ಉತ್ತರ. ನಿಮ್ಮ ಹೆರಿಗೆಯ ಕಥೆಯಂತೂ ಬೇಡವೇ ಬೇಡ. ಬ್ಯಾನಿ ಬಂದಾಗ ಅವಳ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಅಂಗೈ ಬುಡದಿಂದ ಒತ್ತಿ ಹಿಡಿಯಿರಿ. ಹಿಟ್ಟು ನಾದುವಾಗ ಒತ್ತುತ್ತೀರಲ್ಲ, ಆ ಜೋರು ಸಾಕು. ಒತ್ತುತ್ತಾ ನೀವು ಉದ್ದ ಉಸಿರು ಬಿಡಿ, ಅವಳ ಕಿವಿಗೆ ಬೀಳುವ ಹಾಗೆ. ಅವಳ ಉಸಿರು ನಿಮ್ಮ ಉಸಿರಿನ ಹಿಂದೆ ತಾನೇ ಬರುತ್ತದೆ. ಬ್ಯಾನಿ ಇಳಿದಾಗ ಒಂದು ಗುಟುಕು ನೀರು ಕೊಡಿ, ಹಣೆ ಒರೆಸಿ, ಮತ್ತೆ ಸುಮ್ನೆ ಕೂರಿ.

ಹೇಳಿದರೆ ಬರುವುದಿಲ್ಲ, ಮಾಡಿ ನೋಡೋಣ. ತಮ್ಮಂದಿರೇ, ಕುರ್ಚಿ ಸರಿಸಿ ಚಾಪೆ ಹಾಸಿ, ಆ ಮೂಲೆಯ ಟ್ಯೂಬ್‌ಲೈಟ್ ಒಂದು ಆರಿಸಿ. ಅತ್ತೆಯವರೇ, ಮೊದಲು ನೀವೇ ಬನ್ನಿ, ಸೊಸೆನ್ನೂ ಕರೆದುಕೊಂಡು. ಬಳೆ ಸ್ವಲ್ಪ ಮೇಲೆ ಸರಿಸಿಕೊಳ್ಳಿ, ಅವಳ ಬೆನ್ನಿಗೆ ಚುಚ್ಚುತ್ತವೆ.